ಜೆನ್ಯುಯಿನ್ ನೀಗ್ರೊ ಜಿಗ್: ಕೆರೊಲಿನಾ ಚಾಕೊಲೇಟ್ ಡ್ರಾಪ್ಸ್ ತಂಡದ ಆಲ್ಬಂ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾರ ಆಲ್ಬಂ? ಯಾವಾಗ ಬಂತು?

ಅಮೆರಿಕದ ನಾರ್ತ್ ಕೆರೊಲಿನಾದ ಕೆರೊಲಿನಾ ಚಾಕೊಲೇಟ್ ಡ್ರಾಪ್ಸ್ ತಂಡದ್ದು. 2010ರ ಫೆಬ್ರವರಿ 16ರಂದು ನಾನ್‌ಸಚ್ ಸಂಸ್ಥೆ ಹೊರತಂದಿತು. ನಿರ್ಮಾಪಕರು ಜೋ ಹೆನ್ರಿ. ಒಟ್ಟು 12 ಹಾಡುಗಳು. ಆಗ ತಂಡದಲ್ಲಿ ಇದ್ದವರು ಮೂವರೇ: ರಿಯಾನನ್ ಗಿಡೆನ್ಸ್, ಡಾಮ್ ಫ್ಲೆಮನ್ಸ್, ಜಸ್ಟಿನ್ ರಾಬಿನ್ಸನ್. ಮೂವರೂ ಹಾಡುತ್ತಾರೆ, ಹಾಡಿಗೊಂದು ವಾದ್ಯ ಬದಲಾಯಿಸುತ್ತಾರೆ. 2011ರ ಫೆಬ್ರವರಿಯಲ್ಲಿ ಈ ಆಲ್ಬಂಗೆ ಸಾಂಪ್ರದಾಯಿಕ ಜಾನಪದ ವಿಭಾಗದ ಗ್ರ್ಯಾಮಿ ಬಂತು. ಅಲ್ಲಿಯವರೆಗೆ ಜಾನಪದ ಮೇಳಗಳ ಕೇಳುಗರಿಗಷ್ಟೇ ಗೊತ್ತಿದ್ದ ತಂಡ ಆಮೇಲೆ ಎಲ್ಲರ ಕಿವಿಗೂ ಬಿತ್ತು.

ಹೆಸರಿನಲ್ಲೇ ಆ ಪದ ಇದೆಯಲ್ಲ, ಅದನ್ನು ಬಳಸಬಹುದೇ?

ಆಲ್ಬಂನ ಹೆಸರು ಹೇಳುವಾಗ ಹೇಳಲೇಬೇಕು. ಜನರನ್ನು ಕರೆಯಲು ಬಳಸಬಾರದು. ನಮ್ಮ ಹಳೆಯ ಪಠ್ಯಗಳಲ್ಲೂ ಪತ್ರಿಕೆಗಳಲ್ಲೂ ‘ನೀಗ್ರೊ’ ಎಂಬುದು ಸಾಮಾನ್ಯ ಪದದಂತೆ ಬರುತ್ತಿತ್ತು. ಇವತ್ತು ಅದು ಅವಮಾನದ ಮಾತು. ‘ಆಫ್ರಿಕನ್ ಅಮೆರಿಕನ್’ ಅಥವಾ ‘ಕಪ್ಪು ಅಮೆರಿಕನ್’ ಅನ್ನಿ.

ಹೆಸರು ಬಂದದ್ದು ಆರನೆಯ ಟ್ರ್ಯಾಕ್‌ನಿಂದ. 19ನೇ ಶತಮಾನದಲ್ಲಿ ಡ್ಯಾನ್ ಎಮೆಟ್ ಎಂಬ ಬಿಳಿಯ ಕಲಾವಿದ ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ‘ಮಿನ್‌ಸ್ಟ್ರೆಲ್’ ಪ್ರದರ್ಶನಗಳಿಗೆ ಹೆಸರಾಗಿದ್ದ. ಅವನ ಕೈಬರಹದ ಸ್ವರಲಿಪಿಯಲ್ಲಿ ಒಂದು ಕುಣಿತದ ಮಟ್ಟು ಈ ಹೆಸರಿನಲ್ಲಿತ್ತು. ಒಹಾಯೊದ ನಾಕ್ಸ್ ಕೌಂಟಿಯಲ್ಲಿ ಎಮೆಟ್‌ನ ನೆರೆಯಲ್ಲೇ ಸ್ನೋಡನ್ ಎಂಬ ಕಪ್ಪು ಕುಟುಂಬವಿತ್ತು. ಮನೆಮಂದಿಯೆಲ್ಲ ಪಿಟೀಲು, ಬ್ಯಾಂಜೊ (ದುಂಡು ಚೌಕಟ್ಟಿಗೆ ಚರ್ಮ ಬಿಗಿದ ತಂತಿವಾದ್ಯ) ನುಡಿಸುವವರು. ಮಟ್ಟಿನ ಮೂಲ ಅವರದು ಎಂಬ ನಿಲುವಿನಿಂದ ತಂಡ ಅದನ್ನು ‘ಸ್ನೋಡನ್ಸ್ ಜಿಗ್’ ಎಂದು ಕರೆದು, ಹಳೆಯ ಹೆಸರನ್ನು ಆವರಣದೊಳಗೆ ಸರಿಸಿತು. ಆಲ್ಬಂನ ಮುಖಪುಟಕ್ಕೆ ಮಾತ್ರ ಹಳೆಯ ಹೆಸರನ್ನೇ ಹಾಕಿತು. ಕಸಿದುಕೊಂಡವರು ಕೊಟ್ಟ ಹೆಸರನ್ನು ವಾರಸುದಾರರು ತಮ್ಮ ಕೈಯಾರೆ ಹಿಡಿದು ತೋರಿಸುವುದು ಬೇರೆಯೇ ಕೆಲಸ.

ಬ್ಯಾಂಜೊ ಬಿಳಿಯರ ವಾದ್ಯವಲ್ಲವೇ?

ಅಲ್ಲ. ಈ ಆಲ್ಬಂ ಇರುವುದೇ ಆ ತಪ್ಪು ತಿಳಿವಳಿಕೆಯನ್ನು ಕೆಡವಲು.

ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದವರು ಕೆರಿಬಿಯನ್ ದ್ವೀಪಗಳಲ್ಲಿ 17ನೇ ಶತಮಾನದ ಹೊತ್ತಿಗೇ ಸೋರೆಬುರುಡೆಗೆ ಚರ್ಮ ಬಿಗಿದು, ಕೋಲು ತೂರಿಸಿ, ತಂತಿ ಕಟ್ಟಿ ನುಡಿಸುತ್ತಿದ್ದರು. ಸೆನೆಗಾಂಬಿಯಾದ ಜೋಲಾ ಜನರ ‘ಅಕೊಂಟಿಂಗ್’ ವಾದ್ಯ ನೋಡಿದರೆ ನೆಂಟಸ್ತಿಕೆ ಕಣ್ಣಿಗೇ ಕಾಣುತ್ತದೆ: ಅದರಲ್ಲೂ ಒಂದು ಗಿಡ್ಡ ತಂತಿ ಉಂಟು, ಅದನ್ನೂ ಉಗುರಿನಿಂದ ಕೆಳಮುಖವಾಗಿಯೇ ಹೊಡೆಯುತ್ತಾರೆ. ಏಕತಾರಿ ಕಂಡವರಿಗೆ ಬುರುಡೆ, ಕೋಲು, ತಂತಿಯ ಈ ಜೋಡಣೆ ಹೊಸದಲ್ಲ. 1830–40ರ ದಶಕದಲ್ಲಿ ವರ್ಜೀನಿಯಾದ ಜೋಯೆಲ್ ಸ್ವೀನಿಯಂಥ ಬಿಳಿಯರು ಇದನ್ನು ವೇದಿಕೆಗೆ ತಂದರು. 1843ರಲ್ಲಿ ಎಮೆಟ್‌ನ ತಂಡ ನ್ಯೂಯಾರ್ಕಿನಲ್ಲಿ ಮಿನ್‌ಸ್ಟ್ರೆಲ್ ಪ್ರದರ್ಶನ ಶುರುಮಾಡಿದ ಮೇಲೆ ಬ್ಯಾಂಜೊ ಅಣಕದ ಸಾಮಗ್ರಿಯಾಯಿತು.

ಕೊನೆಯ ಪೆಟ್ಟು ಕೊಟ್ಟದ್ದು ರೆಕಾರ್ಡ್ ಕಂಪನಿಗಳು. 1920ರ ದಶಕದಲ್ಲಿ ಅವು ಕಪ್ಪು ಗಿರಾಕಿಗಳಿಗೆ ‘ರೇಸ್’ ರೆಕಾರ್ಡ್, ದಕ್ಷಿಣದ ಬಿಳಿ ಗಿರಾಕಿಗಳಿಗೆ ‘ಹಿಲ್‌ಬಿಲಿ’ ರೆಕಾರ್ಡ್ ಎಂದು ಎರಡು ಪಟ್ಟಿ ಮಾಡಿದವು. ಕಪ್ಪು ಕಲಾವಿದ ಬಂದರೆ ಬ್ಲೂಸ್ (ಕಪ್ಪು ಅಮೆರಿಕನ್ನರ ನೋವು ನಲಿವಿನ ಹಾಡಿನ ಪ್ರಕಾರ) ಕೇಳುತ್ತಿದ್ದರು, ಪಿಟೀಲು–ಬ್ಯಾಂಜೊ ಮಟ್ಟನ್ನು ಬಿಳಿಯರಿಂದ ಮುದ್ರಿಸುತ್ತಿದ್ದರು. ಊರಿನ ಕುಣಿತಕ್ಕೆ ಇಬ್ಬರೂ ಎರಡನ್ನೂ ನುಡಿಸುತ್ತಿದ್ದರೂ ಅಂಗಡಿಯ ಕಪಾಟು ಹಾಗೆ ಹೇಳಲಿಲ್ಲ. ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ಕಪ್ಪು ಯುವಕರೇ ಬ್ಯಾಂಜೊ ತಮ್ಮದಲ್ಲ ಅಂದುಕೊಂಡರು.

ಹಾಗಾದರೆ ಈ ತಂಡದವರು ಯಾರಿಂದ ಕಲಿತರು?

2005ರ ಏಪ್ರಿಲ್‌ನಲ್ಲಿ ನಾರ್ತ್ ಕೆರೊಲಿನಾದ ಬೂನ್ ಊರಿನ ಅಪಲಾಚಿಯನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಬ್ಯಾಂಜೊ ಪರಂಪರೆಯ ಬಗ್ಗೆ ಒಂದು ಸಮಾವೇಶ ನಡೆಯಿತು. ಮೂವರು ಸೇರಿದ್ದು ಅಲ್ಲಿ. ಬಳಿಕ ವಾರಕ್ಕೊಮ್ಮೆ, ಗುರುವಾರ ಸಂಜೆ, ಮೆಬೇನ್ ಊರಿನ ಜೋ ಥಾಂಪ್ಸನ್ ಅವರ ಮನೆಗೆ ಹೋಗಿ ಕೂತು ನುಡಿಸಿದರು. 1918ರಲ್ಲಿ ಹುಟ್ಟಿದ ಥಾಂಪ್ಸನ್ ಆಗ 86 ದಾಟಿದ್ದ ಪಿಟೀಲುಗಾರರು. ಜೊತೆಗೆ ಬ್ಯಾಂಜೊ ನುಡಿಸುತ್ತಿದ್ದ ಸೋದರಸಂಬಂಧಿ ಒಡೆಲ್ 1994ರಲ್ಲೇ ತೀರಿಕೊಂಡಿದ್ದರು. ಸ್ವರಲಿಪಿ ಇಲ್ಲ, ಪಾಠ ಇಲ್ಲ: ಅವರು ನುಡಿಸುವುದು, ಇವರು ಬೆನ್ನುಹತ್ತಿ ನುಡಿಸುವುದು. ಗುರುಮುಖೇನ ಎನ್ನುತ್ತೇವಲ್ಲ, ಅದೇ. ಥಾಂಪ್ಸನ್ 2007ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರೆ ಫೆಲೋಶಿಪ್ ಪಡೆದರು, 2012ರಲ್ಲಿ 93ನೇ ವಯಸ್ಸಿನಲ್ಲಿ ತೀರಿಕೊಂಡರು.

ತಂಡದ ಹೆಸರು 1930ರ ಸುಮಾರಿನ ಟೆನೆಸಿ ಚಾಕೊಲೇಟ್ ಡ್ರಾಪ್ಸ್ ಎಂಬ ಕಪ್ಪು ತಂತಿವಾದ್ಯ ತಂಡಕ್ಕೆ ಸಲ್ಲಿಸಿದ ನಮಸ್ಕಾರ.

ಇದು ಫೋಕ್ ಆಲ್ಬಮ್ಮೋ, ಬ್ಲೂಸೋ?

ಆ ಎರಡು ಪಟ್ಟಿಗಳನ್ನು ಒಪ್ಪದಿರುವುದೇ ಆಲ್ಬಂನ ಪಟ್ಟು. ಆದರೂ ಬ್ಲೂಸ್ ಹುಡುಕುವವರು ಮೊದಲು ಮೂರು ಕಡೆ ಕಿವಿಯಿಡಿ.

ಒಂದನೇ ಟ್ರ್ಯಾಕ್ ‘ಪೀಸ್ ಬಿಹೈಂಡ್ ದ ಬ್ರಿಡ್ಜ್’ ಎಟ್ಟಾ ಬೇಕರ್ ಅವರ ಕಡೆಯಿಂದ ಬಂದದ್ದು. ಅವರು ನಾರ್ತ್ ಕೆರೊಲಿನಾದ ಪೀಡ್ಮಾಂಟ್ ಬ್ಲೂಸ್ ಗಿಟಾರ್‌ನ ದೊಡ್ಡ ಹೆಸರು, ಬ್ಯಾಂಜೊ ಕೂಡ ನುಡಿಸುತ್ತಿದ್ದರು. ಮೂರನೆಯದು 1926ರಲ್ಲಿ ಪಾಪಾ ಚಾರ್ಲಿ ಜಾಕ್ಸನ್ ಮುದ್ರಿಸಿದ ಹಾಡು, ಹಾಡುವವರು ಫ್ಲೆಮನ್ಸ್. ಇದರ ನಡೆ ದುಃಖದ ಬ್ಲೂಸ್‌ಗಿಂತ ರ‍್ಯಾಗ್‌ಟೈಮ್‌ಗೆ ಹತ್ತಿರ. ಏಳನೆಯದು ‘ವೈ ಡೋಂಟ್ ಯು ಡು ರೈಟ್’: ಬರೆದವರು ಜೋ ಮೆಕಾಯ್, 1941ರಲ್ಲಿ ಲಿಲ್ ಗ್ರೀನ್ ಹಾಡಿದ್ದರು, ಮರುವರ್ಷ ಪೆಗ್ಗಿ ಲೀ ಬಾಯಲ್ಲಿ ಅದು ಜಾಸ್ ಹಾಡಾಯಿತು. ಇಲ್ಲಿ ಗಿಡೆನ್ಸ್ ಅದನ್ನು ಮತ್ತೆ ಹಳ್ಳಿಗೆ ಕರೆತರುತ್ತಾರೆ.

ಬ್ಲೂಸ್‌ನ ‘ನೀಲಿ ಸ್ವರ’ ಹಿಡಿಯಲು ನಮ್ಮ ಕಿವಿಗೆ ಕಷ್ಟವಾಗಬಾರದು. ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ನಿಲ್ಲದೆ ಜಾರುವ ಗಾಂಧಾರ, ಹಾಗೇ ಜಾರುವ ನಿಷಾದ. ಹಾರ್ಮೋನಿಯಂನಲ್ಲಿ ಹುಡುಕಿದರೆ ಸಿಗುವುದಿಲ್ಲ, ಪಿಟೀಲಿನಲ್ಲಿ ಸಿಗುತ್ತದೆ.

ಮೊದಲು ಯಾವ ಹಾಡು ಕೇಳಲಿ?

ನಾಲ್ಕನೆಯದು, ‘ಹಿಟ್ ಎಮ್ ಅಪ್ ಸ್ಟೈಲ್’. 2001ರಲ್ಲಿ ಬ್ಲೂ ಕ್ಯಾಂಟ್ರೆಲ್ ಹಾಡಿ ಗೆದ್ದ ಆರ್ ಅಂಡ್ ಬಿ ಹಾಡು. ಮೋಸ ಮಾಡಿದ ಗಂಡನ ದುಡ್ಡನ್ನೆಲ್ಲ ಖರ್ಚು ಮಾಡಿ ಸೇಡು ತೀರಿಸಿಕೊಳ್ಳುವ ಹೆಂಗಸಿನ ಮಾತು. ಸುತ್ತಿ ಸುತ್ತಿ ಬರುವ ಒಂದೇ ಸಾಲನ್ನು ಪಿಟೀಲಿಗೆ ಕೊಟ್ಟಿದ್ದಾರೆ; ಡ್ರಮ್ ಯಂತ್ರದ ಜಾಗದಲ್ಲಿ ರಾಬಿನ್ಸನ್ ಬಾಯಿಂದಲೇ ಬೀಟ್‌ಬಾಕ್ಸ್ ಹಾಕುತ್ತಾರೆ. ಹಾಡು ನೂರು ವರ್ಷ ಹಳೆಯದು ಅನ್ನಿಸಿಬಿಡುತ್ತದೆ.

ಆಮೇಲೆ ಆರನೆಯದು, ನಂತರ ಹನ್ನೊಂದನೆಯದು: ‘ರೆನಾರ್ಡೀನ್’. ಬ್ರಿಟಿಷ್ ದ್ವೀಪಗಳ ಹಳೆಯ ಕಥನಗೀತೆ, ವಾದ್ಯ ಒಂದೂ ಇಲ್ಲ. ಗಿಡೆನ್ಸ್ ಓಬರ್ಲಿನ್ ಸಂಗೀತ ಶಾಲೆಯಲ್ಲಿ ಒಪೆರಾ ಕಲಿತವರು ಎಂಬುದು ಇಲ್ಲಿ ಕೇಳುತ್ತದೆ, ಹೊರೆಯಾಗುವುದಿಲ್ಲ. ಒಂಬತ್ತನೆಯ ‘ಕಿಸಿನ್ ಅಂಡ್ ಕಸಿನ್’ ರಾಬಿನ್ಸನ್ ಅವರದೇ ರಚನೆ, ಆಟೋಹಾರ್ಪ್ (ಗುಂಡಿ ಒತ್ತಿ ಮೀಟುವ ತಂತಿವಾದ್ಯ) ಮೇಲೆ ಕಟ್ಟಿದ್ದು, ರಾತ್ರಿ ಕೇಳಬೇಕಾದದ್ದು. ಕೊನೆಯ ಟಾಮ್ ವೇಟ್ಸ್ ಹಾಡು ಚೆನ್ನಾಗಿದೆ, ಆದರೆ ಆಲ್ಬಂ ‘ರೆನಾರ್ಡೀನ್’ನಲ್ಲೇ ಮುಗಿದಿದ್ದರೂ ನಷ್ಟವಿರಲಿಲ್ಲ.

ಫೋನಿನ ಸ್ಪೀಕರ್‌ನಲ್ಲಿ ಕೇಳಿದರೆ ಜಗ್‌ನ (ಊದಿ ನುಡಿಸುವ ಜಾಡಿಯ) ಕೆಳದನಿಯೂ ಕಾಲಿನ ತಾಳವೂ ಮಾಯವಾಗುತ್ತವೆ. ಹೆಡ್‌ಫೋನ್ ಹಾಕಿ.

ಅಂಗಡಿಯಲ್ಲಿ ಬ್ಯಾಂಜೊ ಕೇಳಿದರೆ ಕೀ ಇರುವ ಪೆಟ್ಟಿಗೆ ಕೊಡುತ್ತಾರೆ. ಅದೇನಾ?

ಅಲ್ಲ. ನಮ್ಮಲ್ಲಿ ಬ್ಯಾಂಜೊ ಎಂದು ಮಾರುವುದು ಬುಲ್‌ಬುಲ್ ತರಂಗ್: ಟೈಪ್‌ರೈಟರ್‌ನಂಥ ಕೀಗಳನ್ನು ಒತ್ತಿ, ತಂತಿ ಮೀಟುವ ವಾದ್ಯ. ಅದರ ಮೂಲ 1912ರಲ್ಲಿ ಜಪಾನಿನ ನಾಗೋಯಾದಲ್ಲಿ ಹುಟ್ಟಿದ ತೈಶೋಗೊತೊ. ಬ್ಯಾಂಜೊಗೂ ಅದಕ್ಕೂ ಹೆಸರು ಬಿಟ್ಟರೆ ಏನೂ ಸಂಬಂಧವಿಲ್ಲ.

ಕೇಳಬೇಕಾದದ್ದು ಹೀಗೆ: ‘ಐದು ತಂತಿಯ, ಓಪನ್ ಬ್ಯಾಕ್ ಬ್ಯಾಂಜೊ’. ನಾಲ್ಕು ತಂತಿಯದು ಜಾಸ್‌ಗೆ ಮತ್ತು ಐರಿಶ್ ಸಂಗೀತಕ್ಕೆ. ಆರು ತಂತಿಯದನ್ನು ಗಿಟಾರ್‌ನಂತೆ ಶ್ರುತಿ ಮಾಡುತ್ತಾರೆ (ಪಾಪಾ ಚಾರ್ಲಿ ನುಡಿಸಿದ್ದು ಅದು). ಹಿಂಬದಿಗೆ ಮರದ ಮುಚ್ಚಳವಿರುವುದು ಬ್ಲೂಗ್ರಾಸ್‌ಗೆ: ದನಿ ಜೋರು, ತೂಕವೂ ಜಾಸ್ತಿ. ಐದು ತಂತಿಯದರಲ್ಲಿ ನಾಲ್ಕು ಉದ್ದ ತಂತಿ, ಒಂದು ಗಿಡ್ಡ. ಆ ಗಿಡ್ಡ ತಂತಿಯ ಬಿರಡೆ ತಲೆಯ ತುದಿಯಲ್ಲಿರದೆ ಐದನೇ ಮೆಟ್ಟಿನ ಹತ್ತಿರ, ಕುತ್ತಿಗೆಯ ಪಕ್ಕದಲ್ಲಿರುತ್ತದೆ. ವೀಣೆಯ ತಾಳದ ತಂತಿ ನೆನೆಸಿಕೊಳ್ಳಿ: ಸ್ವರ ಒತ್ತುವುದಿಲ್ಲ, ಲಯಕ್ಕೆ ಮೀಟುವುದು ಮಾತ್ರ.

ಶ್ರುತಿ ಮಾಡುವುದು ಹೇಗೆ?

ಸಾಮಾನ್ಯ ಶ್ರುತಿ ಜಿ. ಜಿ ಎಂಬುದನ್ನು ಷಡ್ಜ ಅಂದುಕೊಂಡರೆ ಮರೆಯುವುದೇ ಇಲ್ಲ:

ಐದನೇ (ಗಿಡ್ಡ) ತಂತಿ: ತಾರ ಸ (ಜಿ)
ನಾಲ್ಕನೇ: ಮಂದ್ರ ಪ (ಡಿ)
ಮೂರನೇ: ಮಧ್ಯ ಸ (ಜಿ)
ಎರಡನೇ: ಅಂತರ ಗ (ಬಿ)
ಒಂದನೇ: ಪ (ಡಿ)

ಎರಡನೇ ತಂತಿಯನ್ನು ಅಂತರ ಗಾಂಧಾರದಿಂದ ಶುದ್ಧ ಮಧ್ಯಮಕ್ಕೆ ಏರಿಸಿದರೆ ‘ಸಾಮಿಲ್’ ಶ್ರುತಿ. ಮಸುಕು, ಒಂಟಿತನದ ಬಣ್ಣ ಬರುತ್ತದೆ. ‘ಡಬಲ್ ಸಿ’ ಬೇಕಾದರೆ ನಾಲ್ಕನೇ ತಂತಿಯನ್ನು ಡಿಯಿಂದ ಸಿಗೆ ಇಳಿಸಿ, ಎರಡನೆಯದನ್ನು ಬಿಯಿಂದ ಸಿಗೆ ಏರಿಸಿ. ಪಿಟೀಲಿನ ಜೊತೆ ಡಿಯಲ್ಲಿ ನುಡಿಸುವಾಗ ಇದೇ ಶ್ರುತಿಗೆ ಎರಡನೇ ಮೆಟ್ಟಿನಲ್ಲಿ ಕ್ಯಾಪೊ (ಉದ್ದ ತಂತಿಗಳನ್ನು ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಹಾಕುತ್ತಾರೆ. ಆಗ ಐದನೇ ತಂತಿಯನ್ನೂ ಒಂದು ಸ್ವರ ಏರಿಸುವುದನ್ನು ಮರೆಯಬಾರದು. ಹೊಸಬರು ಮರೆಯುವುದು ಅದನ್ನೇ, ಆಮೇಲೆ ಎಲ್ಲ ಅಪಸ್ವರವೆಂದು ವಾದ್ಯವನ್ನು ಬೈಯುತ್ತಾರೆ.

ಮಿನ್‌ಸ್ಟ್ರೆಲ್ ಕಾಲದ ಬ್ಯಾಂಜೊಗಳಿಗೆ ಮೆಟ್ಟುಗಳೇ ಇರಲಿಲ್ಲ, ಶ್ರುತಿಯೂ ಇದಕ್ಕಿಂತ ಕೆಳಗೆ. ಗಿಡೆನ್ಸ್ ನುಡಿಸುವ ದಪ್ಪದನಿಯ ವಾದ್ಯ 1858ರ ಅಂಥದೊಂದು ಬ್ಯಾಂಜೊದ ಪ್ರತಿಕೃತಿ.

ಮೆಟ್ಟು ಒತ್ತಿದಾಗ ಸ್ವರ ತಪ್ಪುತ್ತದೆ. ವಾದ್ಯ ಕೆಟ್ಟಿದೆಯೇ?

ಬಹುಪಾಲು ಕುದುರೆ (ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡು) ಜಾರಿರುತ್ತದೆ. ಬ್ಯಾಂಜೊದ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡದಿಂದಷ್ಟೇ ನಿಂತಿರುತ್ತದೆ. ತಲೆಯ ಕಡೆಯ ಮೇರುವಿನಿಂದ 12ನೇ ಮೆಟ್ಟಿಗೆ ಎಷ್ಟು ದೂರವೋ, 12ನೇ ಮೆಟ್ಟಿನಿಂದ ಕುದುರೆಗೆ ಹೆಚ್ಚು ಕಡಿಮೆ ಅಷ್ಟೇ ಇರಬೇಕು. ಸಾಮಾನ್ಯ ವಾದ್ಯದಲ್ಲಿ ತಲಾ 13 ಇಂಚು ಚಿಲ್ಲರೆ. ಅಳತೆಪಟ್ಟಿ ಇಟ್ಟು ನಿಲ್ಲಿಸಿದ ಮೇಲೆ ಕಿವಿಯಿಂದ ತಿದ್ದಿ: 12ನೇ ಮೆಟ್ಟಿನ ಮೇಲೆ ತಂತಿಯನ್ನು ಮುಟ್ಟಿಯೂ ಮುಟ್ಟದಂತೆ ಬೆರಳಿಟ್ಟು ಮೀಟಿ, ಆಮೇಲೆ ಅಲ್ಲೇ ಒತ್ತಿ ಮೀಟಿ. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ಬಾಲದ ಕಡೆ ಕೂದಲಿನಷ್ಟು ಸರಿಸಿ, ಇಳಿದಿದ್ದರೆ ಕುತ್ತಿಗೆಯ ಕಡೆಗೆ. ತಂತಿ ಬದಲಾಯಿಸುವಾಗ ಒಂದೊಂದೇ ಬಿಚ್ಚಿ. ಐದನ್ನೂ ಒಟ್ಟಿಗೆ ಸಡಿಲಿಸಿದರೆ ಕುದುರೆ ಬಿದ್ದು, ಅಳತೆ ಮತ್ತೆ ಮೊದಲಿನಿಂದ.

ಮಳೆಗಾಲದಲ್ಲಿ ದನಿ ಮಂಕಾಗುತ್ತದೆ, ಏನು ಮಾಡಲಿ?

ಚರ್ಮದ ಹೊದಿಕೆಯಾದರೆ ತೇವ ಹೀರಿ ಸಡಿಲವಾಗುತ್ತದೆ. ಡೊಳ್ಳು ನುಡಿಸುವವರಿಗೆ ಹೇಳಬೇಕಾಗಿಲ್ಲ. ಕರಾವಳಿಯಲ್ಲೋ ಮಲೆನಾಡಿನಲ್ಲೋ ಇರುವವರು ಪ್ಲಾಸ್ಟಿಕ್ ಹೊದಿಕೆಯದನ್ನೇ ತೆಗೆದುಕೊಳ್ಳುವುದು ವಾಸಿ. 11 ಇಂಚಿನದು ಸಾಮಾನ್ಯ ಅಳತೆ. ಬಿಗಿಸುವಾಗ ಕೊಕ್ಕೆಗಳ ನಟ್ಟನ್ನು ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ, ಒಂದನ್ನು ಬಿಗಿಸಿದ ಮೇಲೆ ಅದರ ಎದುರಿನದಕ್ಕೆ ಹೋಗಿ. ಒಂದೇ ಬದಿ ಬಿಗಿದರೆ ಉಂಗುರ ವಾಲುತ್ತದೆ, ವಿಪರೀತ ಬಿಗಿದರೆ ಹೊದಿಕೆ ಬಿರಿಯುತ್ತದೆ. ಚರ್ಮದ ಬ್ಯಾಂಜೊವನ್ನು ತೇವದ ದಿನ ಬಿಗಿದು, ಬಿಸಿಲು ಬಂದ ದಿನ ಹಾಗೇ ಬಿಟ್ಟರೆ ಚರ್ಮ ಒಣಗಿ ಕುಗ್ಗಿ ತಾನೇ ಹರಿಯುತ್ತದೆ.

ಬಲಗೈ ಹೊಡೆತ ಹೇಗೆ? ಗಿಟಾರ್‌ನಂತೆ ಮೀಟಿದರೆ ಆ ದನಿ ಬರುತ್ತಿಲ್ಲ.

ಬರುವುದಿಲ್ಲ, ಏಕೆಂದರೆ ಇಲ್ಲಿ ಬೆರಳು ತಂತಿಯನ್ನು ಮೇಲಕ್ಕೆ ಎಳೆಯುವುದಿಲ್ಲ. ‘ಕ್ಲಾಹ್ಯಾಮರ್’ ಎನ್ನುವ ಈ ಕ್ರಮದಲ್ಲಿ ಉಗುರಿನ ಬೆನ್ನಿನಿಂದ ಕೆಳಮುಖವಾಗಿ ಬಡಿಯುತ್ತಾರೆ.

ಬೆರಳುಗಳನ್ನು ಅರ್ಧ ಮಡಚಿ ಹಾಗೇ ಗಟ್ಟಿಯಾಗಿಡಿ. ಚಲನೆ ಮಣಿಕಟ್ಟು, ಮುಂಗೈಯಿಂದ. ಬೆರಳು ಬಿಚ್ಚಿ ಚಿಟಿಕೆ ಹೊಡೆದಂತೆ ಮಾಡಬಾರದು. ಮೊದಲ ಏಟಿಗೆ ತೋರುಬೆರಳಿನ ಉಗುರು ಮೂರನೇ ತಂತಿಯ ಮೇಲೆ, ಅದೇ ಕ್ಷಣ ಹೆಬ್ಬೆರಳು ಐದನೇ ತಂತಿಯ ಮೇಲೆ ಬಂದು ಕೂರಬೇಕು. ಎರಡನೇ ಏಟಿಗೆ ಉಗುರು ಕೆಳಗಿನ ತಂತಿಗಳನ್ನೆಲ್ಲ ಸವರಲಿ, ಹೆಬ್ಬೆರಳು ಮತ್ತೆ ಐದನೇ ತಂತಿಯ ಮೇಲೆ. ಈಗ ಕೈ ಎತ್ತುವಾಗ ಹೆಬ್ಬೆರಳು ತಂತಿಯನ್ನು ಬಿಟ್ಟುಕೊಡುತ್ತದೆ, ಗಿಡ್ಡ ತಂತಿ ಟಿಂಗ್ ಅನ್ನುತ್ತದೆ.

ಲೆಕ್ಕ: ತಾ, ತಕ, ತಾ, ತಕ. ‘ತಾ’ಗೆ ಎರಡು ಅಕ್ಷರ, ‘ತ’ಗೆ ಒಂದು, ‘ಕ’ಗೆ ಒಂದು. ಮೂರು ಏಟು ಎಂದು ‘ತಕಿಟ’ ಮಾಡಿಬಿಡುವುದು ಎಲ್ಲರೂ ಬೀಳುವ ಗುಂಡಿ. ಹಾಗೆ ಮಾಡಿದರೆ ಚತುರಶ್ರ ಹೋಗಿ ತಿಶ್ರವಾಗುತ್ತದೆ, ಕುಣಿಯುವವರ ಕಾಲು ನಿಂತುಬಿಡುತ್ತದೆ. ಮೆಟ್ರೊನೋಮ್ 60ಕ್ಕೆ ಇಟ್ಟು, ಎಡಗೈ ಮುಟ್ಟದೆ, ದಿನಕ್ಕೆ 15 ನಿಮಿಷ. ಕುಣಿತದ ವೇಗ 110ರ ಆಚೀಚೆ. ಅದರ ಚಿಂತೆ ಮೊದಲ ತಿಂಗಳು ಬೇಡ. ಉಗುರು ಸವೆದರೆ ಪಾರದರ್ಶಕ ನೇಲ್ ಪಾಲಿಶ್ ಎರಡು ಪದರ ಹಚ್ಚಿ.

ನನ್ನದು ಕರ್ನಾಟಕ ಶೈಲಿಯ ಪಿಟೀಲು. ಈ ಮಟ್ಟುಗಳನ್ನು ನುಡಿಸಲು ಶ್ರುತಿ ಬದಲಿಸಬೇಕೇ?

ಎಲ್ಲರಿಗಿಂತ ಸುಖವಾಗಿರುವವರು ನೀವು. ಪಾಶ್ಚಾತ್ಯ ಪಿಟೀಲಿನ ಶ್ರುತಿ ಜಿ–ಡಿ–ಎ–ಇ. ಅಮೆರಿಕದ ಹಳ್ಳಿಯ ಪಿಟೀಲುಗಾರರು ಎ ಮಟ್ಟುಗಳಿಗೆ ಕೆಳಗಿನ ಎರಡು ತಂತಿಯನ್ನು ಒಂದೊಂದು ಸ್ವರ ಏರಿಸಿ ಎ–ಇ–ಎ–ಇ ಮಾಡಿಕೊಳ್ಳುತ್ತಾರೆ. ಎ ಷಡ್ಜವಾದರೆ ಅದು ಸ–ಪ–ಸ–ಪ. ನಿಮ್ಮ ಪಿಟೀಲು ಹುಟ್ಟಿನಿಂದ ಹಾಗೇ ಇದೆ! ಷಡ್ಜ ಬೇರೆ ಎತ್ತರದಲ್ಲಿರಬಹುದು, ಅಷ್ಟೇ.

ಬದಲಿಸಬೇಕಾದದ್ದು ಕಮಾನು. ಎರಡು ತಂತಿಯನ್ನು ಒಟ್ಟಿಗೆ ಉಜ್ಜಿ, ಪಕ್ಕದ ತಂತಿಯನ್ನು ಶ್ರುತಿಯಂತೆ ಮೊಳಗಿಸುತ್ತಲೇ ಇರಬೇಕು. ಗಮಕ ಕಡಿಮೆ, ಕಮಾನಿನ ಗಿಡ್ಡ ಗಿಡ್ಡ ಎಳೆತಗಳಲ್ಲೇ ಲಯ. ಗಮಕವನ್ನು ಪೂರ್ತಿ ತುಂಬಿದರೆ ಮಟ್ಟು ಚೆಂದವಾಗಿಯೇ ಇರುತ್ತದೆ, ಕುಣಿತ ಮಾತ್ರ ಇರುವುದಿಲ್ಲ.

ಆಲ್ಬಂನಲ್ಲಿ ಕೇಳುವ ಟಕಟಕ ಸದ್ದು ಯಾವುದರದು?

ಬೋನ್ಸ್: ಹೆಸರೇ ಹೇಳುವಂತೆ ಪಕ್ಕೆಲುಬಿನ ಮೂಳೆ, ಈಗ ಹೆಚ್ಚಾಗಿ ಗಟ್ಟಿಮರದ ಪಟ್ಟಿ. ಹರಿದಾಸರ ಚಿಟಿಕೆಯ ದೂರದ ನೆಂಟ. ಒಂದು ಕೈಗೆ ಎರಡು, ಸುಮಾರು 15ರಿಂದ 18 ಸೆಂ.ಮೀ. ಉದ್ದ, ಸ್ವಲ್ಪ ಬಾಗಿದ್ದು. ಒಂದನ್ನು ನಡುಬೆರಳು–ಉಂಗುರಬೆರಳ ನಡುವೆ ಇಟ್ಟು ಅಂಗೈಗೆ ಒತ್ತಿ, ಅದು ಅಲುಗಬಾರದು. ಇನ್ನೊಂದು ತೋರುಬೆರಳು–ನಡುಬೆರಳ ನಡುವೆ, ಸಡಿಲವಾಗಿ. ಉಬ್ಬಿದ ಬದಿಗಳು ಎದುರುಬದುರು. ಕೈಯ ನೀರು ಕೊಡವಿದಂತೆ ಮಣಿಕಟ್ಟು ತಿರುಗಿಸಿದರೆ ಸಡಿಲ ಪಟ್ಟಿ ತಾನೇ ಬಡಿಯುತ್ತದೆ. ಸದ್ದು ಬರದಿದ್ದರೆ ಎರಡನ್ನೂ ಬಿಗಿಹಿಡಿದಿದ್ದೀರಿ ಎಂದರ್ಥ.

ಜಗ್ ಅಂದರೆ ಘಟದ ಹಾಗೆ ಬಡಿಯುವುದೇ?

ಅಲ್ಲ, ಊದುವುದು. ಅದೂ ಬಾಟಲಿಯ ಬಾಯಿಗೆ ಗಾಳಿ ಬಿಟ್ಟಂತೆ ಅಲ್ಲ. ಹಾಗೆ ಊದಿದರೆ ಒಂದೇ ಸ್ವರ. ಕಹಳೆ ಊದುವಂತೆ ತುಟಿ ಬಿಗಿದು ಬುರ್ರೆನಿಸಬೇಕು, ಸ್ವರ ಏರಿಳಿಸುವುದು ತುಟಿ. ಜಗ್ ಆ ಸದ್ದನ್ನು ದೊಡ್ಡದು ಮಾಡುತ್ತದೆ. ಸುಮಾರು 4 ಲೀಟರಿನ, ಕಿರಿದಾದ ಬಾಯಿಯ ಮಣ್ಣಿನ ಅಥವಾ ಗಾಜಿನ ಜಾಡಿ ಸಾಕು. ತುಟಿ ಜಾಡಿಗೆ ತಾಗಬೇಕಿಲ್ಲ, ಎರಡು ಮೂರು ಸೆಂ.ಮೀ. ದೂರವಿರಲಿ. ಉಪ್ಪಿನಕಾಯಿ ಭರಣಿ ಬೇಡ, ಬಾಯಿ ಅಗಲ. ಒಂದೇ ಸಮನೆ ಊದಿದರೆ ತಲೆ ತಿರುಗುತ್ತದೆ, ನಡುನಡುವೆ ನಿಲ್ಲಿಸಿ.

ತಂಡ ಈಗಲೂ ಇದೆಯೇ?

ಆ ಮೂವರ ತಂಡ ಬೇಗ ಬದಲಾಯಿತು. ರಾಬಿನ್ಸನ್ 2011ರಲ್ಲಿ ಬಿಟ್ಟರು. ಹಬ್ಬಿ ಜೆಂಕಿನ್ಸ್, ಚೆಲೊ ನುಡಿಸುವ ಲೇಲಾ ಮೆಕಾಲಾ ಸೇರಿದರು, 2012ರಲ್ಲಿ ‘ಲೀವಿಂಗ್ ಈಡನ್’ ಬಂತು. ಆಮೇಲೆ ಫ್ಲೆಮನ್ಸ್ ತಮ್ಮದೇ ದಾರಿ ಹಿಡಿದರು. ಗಿಡೆನ್ಸ್‌ಗೆ 2017ರಲ್ಲಿ ಮೆಕಾರ್ಥರ್ ಫೆಲೋಶಿಪ್, 2023ರಲ್ಲಿ ಮೈಕಲ್ ಏಬಲ್ಸ್ ಜೊತೆ ಬರೆದ ‘ಒಮರ್’ ಒಪೆರಾಗೆ ಪುಲಿಟ್ಜರ್. 2024ರಲ್ಲಿ ಬಿಯಾನ್ಸೆಯ ‘ಟೆಕ್ಸಸ್ ಹೋಲ್ಡ್ ಎಮ್’ ಶುರುವಾಗುವಾಗ ಕೇಳುವ ಬ್ಯಾಂಜೊ ಇವರದೇ. 2025ರ ಏಪ್ರಿಲ್‌ನಲ್ಲಿ ಡರ್ಹಮ್ ನಗರದಲ್ಲಿ ಗಿಡೆನ್ಸ್ ಏರ್ಪಡಿಸಿದ ‘ಬಿಸ್ಕಿಟ್ಸ್ ಅಂಡ್ ಬ್ಯಾಂಜೋಸ್’ ಉತ್ಸವದಲ್ಲಿ ಹಳೆಯ ಸಂಗಾತಿಗಳು ಮತ್ತೆ ಒಂದೇ ವೇದಿಕೆ ಹತ್ತಿದರು. ಅದೇ ತಿಂಗಳು ಗಿಡೆನ್ಸ್ ಮತ್ತು ರಾಬಿನ್ಸನ್ ಇಬ್ಬರೇ, ಬ್ಯಾಂಜೊ ಮತ್ತು ಪಿಟೀಲು ಹಿಡಿದು, ನಾರ್ತ್ ಕೆರೊಲಿನಾದ ಮಟ್ಟುಗಳ ಒಂದು ಆಲ್ಬಂ ತಂದರು. 2010ರದ್ದನ್ನು ಮುಗಿಸಿದವರು ಮುಂದೆ ಕೇಳಬೇಕಾದದ್ದು ಅದು.